ಕಾಣೆಯಾದ ಹನ್ನೊಂದು ಮಕ್ಕಳು

ಆ ಕರಪತ್ರ ನನ್ನ ಕೈಗೆ ಬಂದದ್ದು ಎರಡು ಸಾವಿರದ ಒಂಬತ್ತನೆಯ ಇಸವಿಯ ಅಕ್ಟೋಬರ್ ತಿಂಗಳ ಒಂದು ಶುಕ್ರವಾರ. ಗುರುವಾರವೆಂದು ಮಗಳು ಇಂದಿಗೂ ವಾದಿಸುತ್ತಾಳೆ. ನನ್ನ ದಿನಚರಿಯಲ್ಲಿ ವಾರವನ್ನು ಬರೆದಿಲ್ಲ. ಆದರೆ ಅಂದು ಮೊಮ್ಮಗಳು ಊಟದ ಡಬ್ಬಿಯನ್ನು ಒಯ್ಯಲಿಲ್ಲವೆಂದು ಬರೆದಿದೆ. ಅವಳ ಶಾಲೆಯಲ್ಲಿ ಪಿಜ್ಜಾ ಕೊಡುತ್ತಿದ್ದುದು ಶುಕ್ರವಾರ ಮಾತ್ರ, ಅವಳು ಡಬ್ಬಿಯನ್ನು ನಿರಾಕರಿಸುತ್ತಿದ್ದುದೂ ಶುಕ್ರವಾರ ಮಾತ್ರ. ಹಾಗಾಗಿ ಶುಕ್ರವಾರವೇ ಸರಿ.

ಮೈಸೂರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಮಾಡಿದ ಕೆಲಸ ಶಾಸನಗಳ ಕಾಲನಿರ್ಣಯ. ಕಲ್ಲಿನ ಮೇಲೆ ಶಕವರ್ಷ, ಸಂವತ್ಸರ, ತಿಥಿ, ವಾರ ಎಲ್ಲವೂ ಇರುತ್ತವೆ. ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಬೇಕು. ಹೊಂದದಿದ್ದರೆ ಆ ಶಾಸನವನ್ನು ಅನುಮಾನಿಸಬೇಕು. ಎಷ್ಟೋ ತಾಮ್ರಪಟಗಳು ಕೂಟಶಾಸನಗಳೆಂದು, ಅಂದರೆ ಭೂಮಿಯ ಆಸೆಗೆ ಯಾರೋ ಆಮೇಲೆ ಬರೆಸಿದವೆಂದು, ಸಿಕ್ಕಿಬಿದ್ದದ್ದು ಹೀಗೆಯೇ. ನಿವೃತ್ತಿಯಾದ ಮೇಲೆ ನ್ಯೂಯಾರ್ಕಿಗೆ ಹತ್ತಿರದ ಹ್ಯಾರಿಸನ್‌ನಲ್ಲಿದ್ದ ಮಗಳ ಮನೆಗೆ ಬಂದೆ. ಅನುಮಾನಿಸುವ ಅಭ್ಯಾಸವೂ ನನ್ನೊಂದಿಗೆ ಬಂತು.

ಮಗಳು ನ್ಯೂಯಾರ್ಕಿನ ವಿಮಾ ಕಚೇರಿಯೊಂದರಲ್ಲಿದ್ದಳು. ಹಿಂದಿನ ಚಳಿಗಾಲದಲ್ಲಿ ಅವಳ ವಿಭಾಗವನ್ನೇ ಮುಚ್ಚಿದರು. ಅಳಿಯನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸವಿತ್ತು, ಸಂಸಾರ ನಡೆಯುತ್ತಿತ್ತು. ಆದರೆ ಪ್ಲೇನ್ಸ್‌ಬರೋದಂಥ ಊರಿಗೆ ಹೋಗಿ ಮಗುವನ್ನು ಅಲ್ಲಿನ ಹೆಸರುವಾಸಿ ಶಾಲೆಗೆ ಸೇರಿಸುವ ಅವರ ಯೋಜನೆ ನಿಂತುಹೋಯಿತು. ಹ್ಯಾರಿಸನ್ನಿನ ಫ್ಲಾಟನ್ನು ಕೊಳ್ಳುವವರೇ ಇರಲಿಲ್ಲ. ಈ ದೇಶದಲ್ಲಿ ಮಗು ಯಾವ ಶಾಲೆಗೆ ಹೋಗಬೇಕೆಂಬುದನ್ನು ಮನೆಯ ವಿಳಾಸ ತೀರ್ಮಾನಿಸುತ್ತದೆ. ಅದಕ್ಕೆ ಅಪವಾದವಾಗಿ ನಮ್ಮ ಪಾಲಿಗಿದ್ದದ್ದು ನದಿಯಾಚೆಯ ಒಂದು ಚಾರ್ಟರ್ ಶಾಲೆ ಮಾತ್ರ.

ಚಾರ್ಟರ್ ಶಾಲೆ ಎಂದರೆ ಸರ್ಕಾರದ ಹಣದಿಂದ ನಡೆಯುವ, ಆದರೆ ತನ್ನದೇ ಆಡಳಿತ ಮಂಡಳಿಯುಳ್ಳ ಶಾಲೆ. ರಾಜ್ಯ ಅದಕ್ಕೆ ಕೆಲವು ವರ್ಷಗಳ ಸನ್ನದು ಕೊಡುತ್ತದೆ. ಅವಧಿ ಮುಗಿದಾಗ ಮಕ್ಕಳ ಫಲಿತಾಂಶ ನೋಡಿ ನವೀಕರಿಸುತ್ತದೆ ಇಲ್ಲವೇ ಬಾಗಿಲು ಹಾಕಿಸುತ್ತದೆ. ಮೊಮ್ಮಗಳಿಗೆ ಅಲ್ಲಿ ಚೀಟಿ ಎತ್ತುವ ಮೂಲಕ ಸೀಟು ಸಿಕ್ಕಿತ್ತು. ಮೊದಲು ಹೋಗುತ್ತಿದ್ದ ಶಾಲೆಯಲ್ಲಿ ಬೆಳಗ್ಗೆ ಹೊಟ್ಟೆನೋವೆಂದು ಅಳುತ್ತಿದ್ದವಳು ಇಲ್ಲಿ ಬಸ್ಸಿಗೆ ಮೊದಲೇ ಹೋಗಿ ನಿಲ್ಲುತ್ತಿದ್ದಳು. ಆ ಶರತ್ಕಾಲದಲ್ಲಿ ಅವಳು ಐದನೆಯ ತರಗತಿಯಲ್ಲಿದ್ದಳು. ಶಾಲೆಯ ಸನ್ನದು ಆ ವರ್ಷವೇ ಮುಗಿಯುವುದರಲ್ಲಿತ್ತು. ರಾಜ್ಯದ ವರದಿಯಲ್ಲಿ ಶಾಲೆಯ ಹೆಸರಿನ ಮುಂದೆ ‘ಸಾಕಷ್ಟು ಪ್ರಗತಿ ಇಲ್ಲ’ ಎಂದು ಬರೆದಿತ್ತು.

ಮಗಳು ಪೋಷಕರ ಸಮಿತಿಯ ಮುಂದಾಳು. ಕೆಲಸ ಹೋದ ಮೇಲೆ ತನ್ನ ಶಕ್ತಿಯನ್ನೆಲ್ಲ ಅದಕ್ಕೇ ಹಾಕಿದ್ದಳು. ಆ ಶುಕ್ರವಾರ ಅವಳು ಸಮಿತಿಯ ಕರಪತ್ರವನ್ನು ನನ್ನ ಮುಂದಿಟ್ಟಳು.

“ಅಮ್ಮ, ಇದನ್ನ ಸ್ವಲ್ಪ ಚೆಕ್ ಮಾಡು. ಡಿಸೆಂಬರಲ್ಲಿ ಸ್ಟೇಟ್‌ನಿಂದ ಟೀಮ್ ಬರುತ್ತೆ, ಪೇರೆಂಟ್ಸ್ ಪರವಾಗಿ ನಾನೇ ಮಾತಾಡ್ಬೇಕು. ಒಂದು ನಂಬರ್ ತಪ್ಪಿದ್ರೂ ಅವರು ಹಿಡ್ಕೊಂಡುಬಿಡ್ತಾರೆ.”

“ವಾದ ಏನು?”

“ರೇಟಿಂಗೇ ಅನ್‌ಫೇರ್ ಅಂತ. ನೋಡು, ಅವರು ಈ ವರ್ಷದ ನಾಲ್ಕನೇ ಕ್ಲಾಸಿನವರನ್ನ ಹೋದ ವರ್ಷದ ನಾಲ್ಕನೇ ಕ್ಲಾಸಿನವರ ಜೊತೆ ಕಂಪೇರ್ ಮಾಡ್ತಾರೆ. ಅವರೇ ಬೇರೆ ಮಕ್ಕಳು, ಇವರೇ ಬೇರೆ ಮಕ್ಕಳು! ನಮ್ಮಲ್ಲಿ ಸೇರೋ ಮಕ್ಕಳು ಎರಡು ಕ್ಲಾಸ್ ಹಿಂದೆ ಇರ್ತಾರೆ. ಅದೇ ಮಕ್ಕಳನ್ನ ವರ್ಷದಿಂದ ವರ್ಷಕ್ಕೆ ಫಾಲೋ ಮಾಡಿದ್ರೆ ಎಷ್ಟು ಬೆಳೆದಿದಾರೆ ಅಂತ ಗೊತ್ತಾಗುತ್ತೆ.”

ವಾದ ನನಗೆ ಹಿಡಿಸಿತು. ಕರಪತ್ರದ ಹೊಳಪು ಹಿಡಿಸಲಿಲ್ಲ. ಮೂರನೆಯ ತರಗತಿಯಲ್ಲಿ ರಾಜ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದ ಮಕ್ಕಳಲ್ಲಿ ಹಲವರು ನಾಲ್ಕನೆಯ ತರಗತಿಯಲ್ಲಿ ತೇರ್ಗಡೆಯಾಗಿದ್ದಾರೆಂದು ಅದು ಹೇಳುತ್ತಿತ್ತು, ಮತ್ತು ಅದು ಮೊಮ್ಮಗಳ ತಂಡದ ಸಂಗತಿಯೇ. ಒಂದೇ ವರ್ಷದಲ್ಲಿ ಇಷ್ಟು ಬೆಳವಣಿಗೆ ಹೇಗೆ ಸಾಧ್ಯ? ದಾನಶಾಸನಗಳಲ್ಲಿಯೂ ಹೊಗಳಿಕೆ ಅಗತ್ಯಕ್ಕಿಂತ ಹೆಚ್ಚಾದ ಕಡೆ ನಾನು ಭೂತಗನ್ನಡಿಯನ್ನು ಹತ್ತಿರ ಒಯ್ಯುತ್ತಿದ್ದೆ.

ಮರುದಿನ ಎಡಿಸನ್ನಿನ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದಾಗ ಪ್ಲೇನ್ಸ್‌ಬರೋದ ಪರಿಚಿತ ಹೆಂಗಸೊಬ್ಬಳು ಸಿಕ್ಕಳು. ಮೊಮ್ಮಗಳ ಶಾಲೆ ಯಾವುದೆಂದು ಕೇಳಿ, ನಾನು ಹೇಳಿದೊಡನೆ ದನಿ ತಗ್ಗಿಸಿದಳು.

“ಆ ಚಾರ್ಟರ್ ಸ್ಕೂಲಾ? ಹುಷಾರು ಆಂಟಿ. ಅಂಥ ಕಡೆ ಮಾರ್ಕ್ಸ್ ತೆಗೀದೇ ಇರೋ ಮಕ್ಕಳಿಗೆ ಟೆಸ್ಟ್‌ಗೆ ಮುಂಚೆ ಪೊಲೈಟಾಗಿ ಬಾಯ್ ಹೇಳ್ಬಿಡ್ತಾರಂತೆ. ಆಮೇಲೆ ರಿಸಲ್ಟ್ ಚೆನ್ನಾಗಿ ಬರದೇ ಇರುತ್ತಾ?”

“ನೀವು ಕಣ್ಣಾರೆ ಕಂಡಿದ್ದೀರಾ?”

“ಅಯ್ಯೋ, ನಾನ್ಯಾಕೆ ನೋಡ್ಲಿ ಆಂಟಿ, ನಮ್ಮ ಮಕ್ಕಳು ಪಬ್ಲಿಕ್ ಸ್ಕೂಲು. ಎಲ್ರೂ ಹೇಳ್ತಾರೆ.”

ಎಲ್ಲರೂ ಹೇಳುವುದು ಆಧಾರವಲ್ಲವೆಂದು ನನಗೆ ಗೊತ್ತಿತ್ತು. ಆದರೂ ಆ ಮಾತು ಕರಿಬೇವಿನೊಂದಿಗೆ ನನ್ನ ಚೀಲದಲ್ಲಿ ಮನೆಗೆ ಬಂತು.

ನಾನು ಮೂಲಗಳನ್ನು ಕೇಳಿ ಪಡೆದೆ. ಮೂರನೆಯ ತರಗತಿಯ ಸಂಖ್ಯೆ ರಾಜ್ಯದ ವರದಿಯಲ್ಲಿತ್ತು: ಎರಡು ಸಾವಿರದ ಎಂಟು, ನಲವತ್ತನಾಲ್ಕು ಮಕ್ಕಳು. ನಾಲ್ಕನೆಯ ತರಗತಿಯದನ್ನು ಶಾಲೆಯೇ ಸಿದ್ಧಪಡಿಸಿದ ಪಟ್ಟಿಯಿಂದ ತೆಗೆದುಕೊಂಡೆ: ಎರಡು ಸಾವಿರದ ಒಂಬತ್ತು, ಮೂವತ್ತಮೂರು ಮಕ್ಕಳು. ಮೂರನೆಯದನ್ನು ಮುಗಿಸಿದ ತಂಡ ಮರುವರ್ಷ ನಾಲ್ಕನೆಯದಕ್ಕೆ ಬರಬೇಕು. ಹನ್ನೊಂದು ಮಕ್ಕಳು ಎಲ್ಲಿ ಹೋದರು?

ಅಂದಿನಿಂದ ಆ ಶಾಲೆಯಲ್ಲಿ ಕಂಡದ್ದೆಲ್ಲ ನನಗೆ ಬೇರೆಯಾಗಿ ಕಾಣತೊಡಗಿತು. ಮೊಮ್ಮಗಳನ್ನು ಕರೆತರುವ ನೆಪದಲ್ಲಿ ಮುಖ್ಯ ಶಿಕ್ಷಕಿಯನ್ನು ಕಂಡು, ತರಗತಿಯಿಂದ ತರಗತಿಗೆ ಮಕ್ಕಳು ಕಡಿಮೆಯಾಗುತ್ತಾರೆಯೇ ಎಂದು ಕೇಳಿದೆ. ಪ್ರತಿಯೊಂದು ಮಗುವೂ ನಮಗೆ ಮುಖ್ಯ ಎಂದು ಆಕೆ ನಕ್ಕಳು. ನಾನು ಕೇಳಿದ್ದು ಅದನ್ನಲ್ಲ. ಅಲ್ಲಿಂದ ಕಚೇರಿಗೆ ಹೋದೆ. ಹಾಜರಿ ಪುಸ್ತಕ ನೋಡಿಕೊಳ್ಳುತ್ತಿದ್ದಾಕೆ ಮಂಗಳೂರು ಕಡೆಯ ಕ್ರೈಸ್ತ ಹೆಂಗಸು, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು. ನನ್ನನ್ನು ಬಾಗಿಲಲ್ಲಿ ಕಂಡವಳೇ ಮೇಜಿನ ಡ್ರಾಯರನ್ನು ಧಡಕ್ಕನೆ ಮುಚ್ಚಿದಳು. ಮುಚ್ಚಿ, ಅದಕ್ಕೆ ಮೊಣಕಾಲು ಒತ್ತಿ ಕೂತಳು.

“ಎಂತ ಬೇಕಿತ್ತು ಆಂಟಿ?”

“ಹೋದ ವರ್ಷದ ನಾಲ್ಕನೆಯ ತರಗತಿಯ ಹಾಜರಿ ಪಟ್ಟಿ ನೋಡಬಹುದೇ?”

“ಅದು ಆಗುದಿಲ್ಲ ಆಂಟಿ. ಮಕ್ಕಳ ಹೆಸರು ಎಲ್ಲ ಹೊರಗಿನವರಿಗೆ ತೋರಿಸ್ಲಿಕ್ಕೆ ಇಲ್ಲ.”

ನಿಯಮ ಸರಿಯಾದುದೇ. ಆದರೆ ಮನೆಯವರೆಗೂ ನನ್ನ ಕಣ್ಣಮುಂದೆ ಇದ್ದದ್ದು ಆ ನಿಯಮವಲ್ಲ, ಮುಚ್ಚಿದ ಡ್ರಾಯರು.

ಮಗಳಿಗೆ ವಿಷಯ ಹೇಳಿದೆ. ಅವಳು ಕಾಗದದ ಮೇಲೆ ಕಣ್ಣಾಡಿಸಿದಳೇ ಹೊರತು ಓದಲಿಲ್ಲ.

“ಇಂಪಾಸಿಬಲ್. ಹನ್ನೊಂದು ಜನ ಹೋಗಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?”

“ಸಂಖ್ಯೆ ಹೇಳ್ತಿದೆಯಲ್ಲ.”

“ಅಮ್ಮ, ನಿನಗೆ ಕಲ್ಲಿನ ಮೇಲೂ ನಂಬಿಕೆ ಇಲ್ಲ, ಮನುಷ್ಯರ ಮೇಲೂ ಇಲ್ಲ. ತಿದ್ದಿಕೊಡು ಅಂದೆ, ತನಿಖೆ ಮಾಡು ಅನ್ನಲಿಲ್ಲ. ಈ ಸ್ಕೂಲ್ ಮುಚ್ಚಿದ್ರೆ ಇವಳನ್ನ ಎಲ್ಲಿಗೆ ಕಳಿಸ್ಲಿ, ಅದನ್ನ ಹೇಳು.”

ಮೊಮ್ಮಗಳ ಹೊಟ್ಟೆನೋವಿನ ಬೆಳಗುಗಳು ನನಗೂ ನೆನಪಿದ್ದವು. ಆದರೆ ಆ ಹನ್ನೊಂದು ಮಕ್ಕಳಿಗೂ ಯಾರೋ ಅಜ್ಜಿಯರು ಇರಬೇಕಲ್ಲ ಎಂಬ ಯೋಚನೆಯೂ ಬಿಡಲಿಲ್ಲ. ನವೆಂಬರ್ ಮೊದಲ ವಾರದಲ್ಲಿ ಮಗಳಿಗೆ ತಿಳಿಸದೆ ರಾಜ್ಯದ ಶಿಕ್ಷಣ ಇಲಾಖೆಗೆ ಒಂದು ಪತ್ರ ಬರೆದೆ. ಯಾರನ್ನೂ ದೂಷಿಸಲಿಲ್ಲ, ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಹನ್ನೊಂದು ಮಕ್ಕಳ ವಿಚಾರಣೆಯಾಗಬೇಕೆಂದು ಕೋರಿದೆ. ಪತ್ರವನ್ನು ನಾನೇ ಅಂಚೆಡಬ್ಬಿಗೆ ಹಾಕಿ ಬಂದೆ. ಪ್ರಾಮಾಣಿಕತೆಯ ಕೆಲಸವೊಂದನ್ನು ಮಾಡಿದೆನೆಂಬ ಸಮಾಧಾನವೇ ಇತ್ತು, ಅದನ್ನು ಇಲ್ಲಿ ಮುಚ್ಚಿಡಬಾರದು.

ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ, ನವೆಂಬರ್ ಕೊನೆಯ ಒಂದು ಬೆಳಗ್ಗೆ, ಮೊಮ್ಮಗಳು ದೋಸೆ ತಿನ್ನುತ್ತಿದ್ದಳು. ಮಗಳು ಸಮಿತಿಯ ಸಭೆಗೆ ಹೋಗಿದ್ದಳು. ಹೋದವರ ಹೆಸರುಗಳನ್ನು ಸಂಗ್ರಹಿಸೋಣವೆಂದು, ಹೋದ ವರ್ಷ ನಿನ್ನ ತರಗತಿಯಿಂದ ಯಾರು ಯಾರು ಬಿಟ್ಟುಹೋದರೆಂದು ಕೇಳಿದೆ.

“ನೋಬಡಿ, ಅಜ್ಜಿ.”

“ಚೆನ್ನಾಗಿ ಯೋಚನೆ ಮಾಡು ಪುಟ್ಟಿ.”

“ಓ, ಒನ್ ಗರ್ಲ್. ಶಿ ಮೂವ್ಡ್ ಟು ಎಡಿಸನ್. ಹರ್ ಡ್ಯಾಡ್ ಲಾಸ್ಟ್ ಹಿಸ್ ಜಾಬ್.”

“ಇನ್ನು ಹತ್ತು ಜನ?”

“ವಾಟ್ ಟೆನ್?”

ಅವಳು ಚಟ್ನಿಯ ಕೈಯಲ್ಲೇ ಎದ್ದುಹೋಗಿ ತನ್ನ ಕೋಣೆಯಿಂದ ಎರಡು ಫೋಟೋ ತಂದಳು. ಪ್ರತಿ ವರ್ಷ ಇಡೀ ತರಗತಿಯನ್ನು ಮೆಟ್ಟಿಲುಗಳ ಮೇಲೆ ನಿಲ್ಲಿಸಿ ತೆಗೆಸುವ ಫೋಟೋಗಳವು. ಒಂದರಲ್ಲಿ ಮೂರನೆಯ ತರಗತಿಯ ಫಲಕ, ಇನ್ನೊಂದರಲ್ಲಿ ನಾಲ್ಕನೆಯದು. ನಾನು ಭೂತಗನ್ನಡಿ ತಂದು ತಲೆಗಳನ್ನು ಎಣಿಸಿದೆ. ಮೊದಲನೆಯದರಲ್ಲಿ ನಲವತ್ತನಾಲ್ಕು. ಎರಡನೆಯದರಲ್ಲಿ ನಲವತ್ತಮೂರು. ಸಾಲು ತಪ್ಪಿರಬಹುದೆಂದು ಬಲದಿಂದ ಎಡಕ್ಕೆ ಎಣಿಸಿದೆ. ನಲವತ್ತಮೂರೇ. ಮೊಮ್ಮಗಳು ಒಂದೊಂದು ಮುಖದ ಮೇಲೂ ಬೆರಳಿಟ್ಟು ಎರಡು ಫೋಟೋಗಳಲ್ಲಿಯೂ ಗುರುತಿಸಿದಳು. ಬೆರಳಿಟ್ಟಲ್ಲೆಲ್ಲ ಚಟ್ನಿಯ ಕಲೆಯಾಯಿತು, ಒಂದು ಮುಖದ ಮೇಲೆ ಆಗಲಿಲ್ಲ.

ನನ್ನ ಮೊದಲ ಅನುಮಾನ ಫೋಟೋದ ಮೇಲೆಯೇ ಹೋಯಿತು. ಫಲಕವನ್ನು ಬದಲಿಸಿರಬಹುದೇ ಎಂದು ಒಂದು ಗಳಿಗೆ ಯೋಚಿಸಿದೆ. ಅಷ್ಟರಮಟ್ಟಿಗೆ ಆ ಹನ್ನೊಂದು ಮಕ್ಕಳು ನನ್ನವರಾಗಿದ್ದರು.

ರಜೆ ಮುಗಿದ ಸೋಮವಾರ ಎರಡು ಪಟ್ಟಿಗಳನ್ನೂ ಫೋಟೋಗಳನ್ನೂ ಹಿಡಿದು ಶಾಲೆಯ ಕಚೇರಿಗೆ ಹೋದೆ. ಊಟದ ಹೊತ್ತು. ನನ್ನನ್ನು ಕಂಡ ಕೂಡಲೇ ಡ್ರಾಯರು ಮತ್ತೆ ಮುಚ್ಚಿಕೊಂಡಿತು. ಈ ಸಲ ನಾನು ಹೆಸರುಗಳನ್ನು ಕೇಳಲಿಲ್ಲ. ಪಟ್ಟಿಯನ್ನು ಮುಂದಿಟ್ಟು, ಈ ಮೂವತ್ತಮೂರು ಮಕ್ಕಳು ಯಾರು ಎಂದಷ್ಟೇ ಕೇಳಿದೆ.

“ಇದಾ? ಇದು ಈಗ ಮೇಲಿನ ಮಹಡಿಯಲ್ಲಿ ಗಲಾಟೆ ಮಾಡ್ತಾ ಉಂಟಲ್ಲ, ಈ ವರ್ಷದ ನಾಲ್ಕನೇ ಕ್ಲಾಸು. ಸಣ್ಣ ಬ್ಯಾಚ್ ಆಂಟಿ ಅದು. ಅವರು ಸೇರಿದ ವರ್ಷ ಒಂದು ರೂಮ್ ಕಮ್ಮಿ ಇತ್ತು, ಮಕ್ಕಳನ್ನ ಜಾಸ್ತಿ ತಕ್ಕೊಳ್ಳಲಿಲ್ಲ.”

“ಎರಡು ಸಾವಿರದ ಒಂಬತ್ತು ಎಂದಿದೆ. ಹೋದ ಜೂನ್‌ನಲ್ಲಿ ಮುಗಿದದ್ದಲ್ಲವೇ?”

“ಅಲ್ಲ ಆಂಟಿ. ನಾವು ಶಾಲೆ ಶುರುವಾಗುವ ವರ್ಷ ಬರೆಯುದು. ಸೆಪ್ಟೆಂಬರ್‌ದು. ಸರ್ಕಾರದವರು ಮುಗಿಯುವ ವರ್ಷ ಬರೀತಾರೆ. ನಮ್ಮಲ್ಲಿ ವಯಸ್ಸು ಕೇಳಿದ್ರೆ ಕೆಲವರು ತುಂಬಿದ್ದು ಹೇಳ್ತಾರೆ, ಕೆಲವರು ನಡೀತಾ ಇರುದು ಹೇಳ್ತಾರೆ ಅಲ್ವಾ? ಹಾಗೆ.”

ನಾನು ಎದುರಿನ ಕುರ್ಚಿಯಲ್ಲಿ ಕುಳಿತುಬಿಟ್ಟೆ.

ಆಕೆಗೆ ಗೊತ್ತಿಲ್ಲದೆ ಆಕೆ ಹೇಳಿದ್ದು ನನ್ನ ವೃತ್ತಿಯ ಮೊದಲ ಪಾಠವನ್ನು. ಶಾಸನದಲ್ಲಿ ಶಕವರ್ಷದ ಸಂಖ್ಯೆಯಿದ್ದರೆ, ಅದು ಸಂದುಹೋದ ವರ್ಷಗಳ ಎಣಿಕೆಯೋ ನಡೆಯುತ್ತಿರುವ ವರ್ಷದ್ದೋ ಎಂದು ಮೊದಲು ನಿರ್ಧರಿಸಬೇಕು. ಎರಡರ ನಡುವೆ ಒಂದು ವರ್ಷದ ಅಂತರ. ಅದನ್ನು ಮರೆತ ತರುಣ ವಿದ್ವಾಂಸನೊಬ್ಬ ಒಂದು ನಿಜವಾದ ತಾಮ್ರಪಟವನ್ನು ಕೂಟಶಾಸನವೆಂದು ಸಾರಿ ಲೇಖನ ಬರೆದಿದ್ದ. ಅದು ಪರಿಶೀಲನೆಗೆ ನನ್ನ ಬಳಿ ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಗತವೋ ವರ್ತಮಾನವೋ? ಇಷ್ಟನ್ನೂ ನೋಡದವರು ಅನ್ಯರನ್ನು ಕಳ್ಳರೆನ್ನಬಾರದು’ ಎಂದು ಬರೆದು ಹಿಂದಿರುಗಿಸಿದ್ದೆ. ಅವನು ಮತ್ತೆ ನಮ್ಮ ಪತ್ರಿಕೆಗೆ ಬರೆಯಲಿಲ್ಲ.

“ಎಂತ ಆಯ್ತು ಆಂಟಿ? ನೀರು ಕೊಡ್ಲಾ?”

“ಬೇಡ. ಒಂದು ಕೇಳುತ್ತೇನೆ, ಬೇಸರ ಮಾಡಬೇಡಿ. ನನ್ನನ್ನು ಕಂಡಾಗಲೆಲ್ಲ ಆ ಡ್ರಾಯರು ಯಾಕೆ ಮುಚ್ಚುತ್ತೀರಿ?”

ಆಕೆಯ ಮುಖ ಕೆಂಪೇರಿತು. ಡ್ರಾಯರು ಎಳೆದಳು. ಒಳಗೆ ಕಾಗದದ ಕರವಸ್ತ್ರದ ಮೇಲೆ ಒಂದು ಸ್ಟೀಲ್ ಡಬ್ಬಿ.

“ಒಣಮೀನಿನ ಚಟ್ನಿ ಮಾರಾಯ್ರೆ! ನೀವು ತಿನ್ನದವರು, ವಾಸನೆಗೆ ನಿಮಗೆ ಕಷ್ಟ ಆಗ್ತದೆ ಅಂತ. ಇದರಲ್ಲಿ ನಿಮಗೆ ಎಂತ ಕಂಡಿತು?”

ಪತ್ರದ ವಿಷಯವನ್ನು ಮಾತ್ರ ಹೇಳಿದೆ. ಆಕೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

“ನಿಮ್ಮ ಮಗಳಿಗೆ ಗೊತ್ತುಂಟಾ?” ಎಂದಳು.

ಗೊತ್ತಿರಲಿಲ್ಲ. ಅಂದು ಸಂಜೆಯೇ ಅಡುಗೆಮನೆಯಲ್ಲಿ ಹೇಳಿದೆ. ಮಗಳು ಬೀನ್ಸ್ ಹೆಚ್ಚುತ್ತಿದ್ದಳು, ಚಾಕು ನಿಂತಿತು.

“ನಮ್ಮನೇಲೇ ಕೂತ್ಕೊಂಡು ನಮ್ಮ ಸ್ಕೂಲ್ ಮೇಲೇ ಕಂಪ್ಲೇಂಟ್ ಬರೆದ್ಯಾ?”

“ಹೌದು. ಮತ್ತು ಅದು ತಪ್ಪು.”

“ಟೀಮ್ ಬರೋಕೆ ಇನ್ನು ಹತ್ತು ದಿನ ಇದೆ ಅಮ್ಮ. ನಿನ್ನ ಲೆಟರ್ ಅವರ ಫೈಲಲ್ಲಿ ಇರುತ್ತೆ. ನಾನು ನಿಂತ್ಕೊಂಡು ಅದೇ ಮಕ್ಕಳನ್ನ ಫಾಲೋ ಮಾಡಿ ಅಂತೀನಿ, ಅವರು ನಿನ್ನ ಲೆಟರ್ ತೆಗೆದು ಹನ್ನೊಂದು ಮಕ್ಕಳನ್ನ ಓಡಿಸಿದ್ರಲ್ಲ ಅಂತಾರೆ. ಏನು ಹೇಳ್ಲಿ? ನಮ್ಮಮ್ಮ ಸ್ಕಾಲರ್, ಆಗಾಗ ಹಿಂಗೆ ಅಂತಾನಾ?”

“ನಾನೇ ಬಂದು ಹೇಳುತ್ತೇನೆ.”

“ಬರಲೇಬೇಕು,” ಎಂದು ಮತ್ತೆ ಹೆಚ್ಚತೊಡಗಿದಳು. ಆ ಹತ್ತು ದಿನ ನನ್ನ ಜೊತೆ ಅವಳ ಮಾತು ಊಟ, ಔಷಧಿ, ಮನೆ ಬೆಚ್ಚಗಿಡುವ ಥರ್ಮೋಸ್ಟಾಟ್ ಇಷ್ಟರಲ್ಲೇ ಮುಗಿಯುತ್ತಿತ್ತು. ಅದೇ ವಾರ ನಾನು ಇಲಾಖೆಗೆ ಎರಡನೆಯ ಪತ್ರ ಬರೆದು, ಮೊದಲನೆಯದರ ದೋಷವನ್ನು ವಿವರಿಸಿದೆ. ಅದು ತಲುಪಿತೆಂದು ತಿಳಿಸುವ ಉತ್ತರ ಬರಲಿಲ್ಲ.

ಇಲಾಖೆಯ ಮೂವರು ಪೋಷಕರನ್ನು ಕಂಡದ್ದು ಶಾಲೆಯ ಗ್ರಂಥಾಲಯದಲ್ಲಿ, ಮಕ್ಕಳ ಅಳತೆಯ ಕುರ್ಚಿಗಳ ಮೇಲೆ. ಮಗಳು ಚೆನ್ನಾಗಿ ಮಾತನಾಡಿದಳು. ಅವಳು ಮುಗಿಸಿದೊಡನೆ ನರೆತ ಕೂದಲಿನ ಅಧಿಕಾರಿಣಿಯೊಬ್ಬರು ಫೈಲು ತೆರೆದರು. ಅದರೊಳಗೆ ನನ್ನ ಮೊದಲ ಪತ್ರವಿತ್ತು, ಎರಡನೆಯದು ಕಾಣಲಿಲ್ಲ. ಆಕೆ ಕೇಳುವ ಮೊದಲೇ ನಾನು ಎದ್ದು ನಿಂತೆ. ಮಗಳು ನೆಲ ನೋಡುತ್ತಿದ್ದಳು.

ಇದನ್ನು ಬರೆದವಳು ನಾನೇ, ಇದು ತಪ್ಪು ಎಂದೆ ಇಂಗ್ಲಿಷಿನಲ್ಲಿ. ಎರಡು ಪಟ್ಟಿಗಳಲ್ಲಿ ವರ್ಷವನ್ನು ಎರಡು ರೀತಿಯಲ್ಲಿ ಬರೆಯಲಾಗಿದೆ, ಅದನ್ನು ವಿಚಾರಿಸದೆ ನಾನು ಬೇರೆ ಬೇರೆ ಮಕ್ಕಳ ಎರಡು ತಂಡಗಳನ್ನು ಒಂದೇ ತಂಡವೆಂದು ಹೋಲಿಸಿದೆ, ಕಾಣೆಯಾದದ್ದು ಹನ್ನೊಂದು ಮಕ್ಕಳಲ್ಲ, ಒಬ್ಬಳು, ಅವಳು ಎಡಿಸನ್ನಿನಲ್ಲಿದ್ದಾಳೆ. ಫೋಟೋಗಳನ್ನು ಮೇಜಿನ ಮೇಲಿಟ್ಟೆ. ಅವರು ಬಗ್ಗಿ ಎಣಿಸಿದರು. ನನಗೆ ಅದು ಇಷ್ಟವಾಯಿತು.

ಅಷ್ಟಕ್ಕೇ ಕೂರಬೇಕೆಂದಿದ್ದೆ. ಆದರೆ ಆ ವರದಿ ಅವರ ಕೈಯಲ್ಲೇ ಇತ್ತು, ‘ಸಾಕಷ್ಟು ಪ್ರಗತಿ ಇಲ್ಲ’ ಎಂಬ ಸಾಲು ಮೇಲೆಯೇ ಇತ್ತು.

“ಹೋದ ವರ್ಷದ ನಾಲ್ಕನೆಯ ತರಗತಿಯನ್ನೂ ಈ ವರ್ಷದ ನಾಲ್ಕನೆಯ ತರಗತಿಯನ್ನೂ ಹೋಲಿಸಿ ನೀವು ಶಾಲೆ ಬೆಳೆಯಿತೋ ಇಲ್ಲವೋ ಎಂದು ಬರೆಯುತ್ತೀರಿ,” ಎಂದೆ. “ನಾನು ಅಜಾಗ್ರತೆಯಿಂದ ಮಾಡಿದ್ದನ್ನು ನೀವು ನಿಯಮವಾಗಿ ಮಾಡುತ್ತಿದ್ದೀರಿ. ನನಗೆ ನಾಚಿಕೆಯಾಗಿದೆ. ನಿಮ್ಮ ನಿಯಮಕ್ಕೂ ಸ್ವಲ್ಪ ಆಗಬೇಕು.”

ಯಾರೂ ನಗಲಿಲ್ಲ. ಅಧಿಕಾರಿಣಿ ಏನನ್ನೋ ಬರೆದುಕೊಂಡರು. ಎರಡು ಪತ್ರಗಳನ್ನೂ ಒಟ್ಟಿಗೆ ಪಿನ್ ಮಾಡಿಡಬೇಕೆಂದು ಕೋರಿ ಎರಡನೆಯದರ ಪ್ರತಿಯನ್ನು ಕೊಟ್ಟೆ, ಖಂಡಿತ ಎಂದರು. ಪಿನ್ ಹಾಕಿದ್ದನ್ನು ನಾನು ನೋಡಲಿಲ್ಲ. ಹಾಕಿದರೆಂದು ಇಂದಿಗೂ ನಂಬಿಲ್ಲ.

ಹೊರಗೆ ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ ಮಗಳು ಹತ್ತು ದಿನಗಳ ನಂತರ ಮೊದಲ ಸಲ ನನ್ನ ಕಡೆ ತಿರುಗಿದಳು.

“ಅವರ ಮುಖ ನೋಡಿದ್ಯಾ? ನಾನು ಎರಡು ತಿಂಗಳಿಂದ ಅದನ್ನೇ ಹೇಳ್ತಿದ್ದೆ. ಯಾರೂ ಪೆನ್ ಎತ್ತಿರಲಿಲ್ಲ.”

“ತಪ್ಪು ಮಾಡಿದವಳು ಹೇಳಿದರೆ ಬರೆದುಕೊಳ್ಳುತ್ತಾರೆ.”

“ಹಾಗಂತ ಇನ್ನೊಂದು ಮಾಡಬೇಡ ತಾಯೀ,” ಎಂದು ಕಾರು ಶುರುಮಾಡಿದಳು.

ಇಲಾಖೆಯ ನಿರ್ಧಾರ ಬಂದದ್ದು ಮರುವರ್ಷದ ವಸಂತದಲ್ಲಿ. ಶಾಲೆ ಅದರ ಪ್ರತಿಯನ್ನು ಸಮಿತಿಗೆ ಕಳಿಸಿತ್ತು. ಮಗಳು ಅಂಚೆಪೆಟ್ಟಿಗೆಯಿಂದ ಲಕೋಟೆ ತಂದು, ತಾನು ಒಡೆಯಲಾರದೆ ನನ್ನ ಕೈಗೆ ಕೊಟ್ಟಳು. ಮೊಮ್ಮಗಳು ಸೋಫಾದ ತೋಳಿನ ಮೇಲೆ ಹತ್ತಿ ಕೂತಿದ್ದಳು.

“ನೀನೇ ಓದು. ಆದ್ರೆ ದಯವಿಟ್ಟು ಮೊದ್ಲು ತಾರೀಖು ನೋಡ್ಬೇಡ.”

ನಾನು ಮೊದಲು ನೋಡಿದ್ದು ತಾರೀಖನ್ನೇ. ಆಮೇಲೆ ಓದಿದೆ. ಸನ್ನದು ನವೀಕರಣಗೊಂಡಿತ್ತು, ಕೆಲವು ಷರತ್ತುಗಳಿದ್ದವು, ನಮ್ಮ ವಾದದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಮಗಳು ಸೋಫಾದ ಮೇಲೆ ಕುಸಿದು ಎರಡು ಕೈಗಳಿಂದ ಮುಖ ಮುಚ್ಚಿಕೊಂಡಳು. ಮೊಮ್ಮಗಳು, “ಸೋ ಐ ಕ್ಯಾನ್ ಸ್ಟೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನಿನ ಕಡೆ ಓಡಿದಳು.

ನಾನು ಕಾಗದವನ್ನು ಇನ್ನೊಮ್ಮೆ ನೋಡುತ್ತಿದ್ದೆ. ಅದರಲ್ಲಿ ನವೀಕರಣದ ಅವಧಿಯನ್ನು ಇಸವಿಗಳಲ್ಲಿ ಮಾತ್ರ ಕೊಟ್ಟಿದ್ದರು. ಸನ್ನದು ತೀರುವುದು ಕೊನೆಯ ವರ್ಷ ಶುರುವಾದಾಗಲೋ ಮುಗಿದಾಗಲೋ ಹೇಳಿರಲಿಲ್ಲ. ಮೊಮ್ಮಗಳು ಎಂಟನೆಯದನ್ನು ಮುಗಿಸುತ್ತಾಳೆಯೇ ಇಲ್ಲವೇ ಎಂಬುದು ಆ ಒಂದು ವರ್ಷದ ಮೇಲಿತ್ತು. ಅವಳು ಫೋನು ಬಿಡುವವರೆಗೆ ಕಾದು ಶಾಲೆಯ ಕಚೇರಿಗೆ ಕರೆ ಮಾಡಿದೆ.

“ವರ್ಷ ಮುಗಿಯುವಾಗ ಆಂಟಿ, ಇದು ಸರ್ಕಾರದ ಕಾಗದ ಅಲ್ವಾ,” ಎಂದಳು ಆಕೆ. “ನಾನೂ ಬೆಳಗ್ಗೆಯೇ ಫೋನ್ ಮಾಡಿ ಕೇಳಿದೆ. ನಿಮ್ಮ ಪುಳ್ಳಿಯ ಎಂಟನೇ ಕ್ಲಾಸು ಅದರೊಳಗೆ ಮುಗೀತದೆ. ನೀವು ಫೋನ್ ಮಾಡ್ತೀರಿ ಅಂತ ಗೊತ್ತಿತ್ತು ನನಗೆ.”

ಯಾರನ್ನು ಕೇಳಿದಿರಿ, ಅವರ ಹುದ್ದೆಯೇನು ಎಂದು ವಿಚಾರಿಸಿ, ಆಕೆ ಹೇಳಿದ್ದನ್ನು ಅಂದಿನ ತಾರೀಖು ಮತ್ತು ವಾರದೊಡನೆ ದಿನಚರಿಯಲ್ಲಿ ಬರೆದುಕೊಂಡೆ.